ಮರಿಯ ಫೋಟೋ ತೆಗೆದರೆ ದೃಷ್ಟಿ ತಾಗುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಜುಲೈ ಮಳೆಯಲ್ಲಿ ನಮ್ಮ ಬೀದಿಯ ನಾಯಿಯೊಂದು ವಾಹನಕ್ಕೆ ಸಿಕ್ಕಿ ಸತ್ತಿತು. ಆಗ ಸುಮಾರು ಮೂರು ವಾರದವಾಗಿದ್ದ ಅದರ ನಾಲ್ಕು ಮರಿಗಳನ್ನು ಚರಂಡಿಯ ಪಕ್ಕದಿಂದ ಮನೆಗೆ ತಂದು, ಹಸುವಿನ ಹಾಲು, ಅನ್ನ ಕೊಟ್ಟು ಸಾಕಿದೆ. ಐದೂವರೆ ವಾರದ ಹೊತ್ತಿಗೆ ದತ್ತು ಕೊಡಲೆಂದು ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿದೆ. ಆ ಭಾನುವಾರ ಮೂರು ಕುಟುಂಬದವರು ಬಂದು, ಎಲ್ಲ ಮರಿಗಳನ್ನೂ ಎತ್ತಿ ಮುದ್ದಾಡಿ, ಯೋಚಿಸಿ ಹೇಳುತ್ತೇವೆ ಎಂದು ಹೋದರು. ಶುಕ್ರವಾರ ಎಲ್ಲಕ್ಕಿಂತ ಚುರುಕಾಗಿದ್ದ ಗಂಡುಮರಿಗೆ ವಾಂತಿ, ರಕ್ತಭೇದಿ ಶುರುವಾಗಿ ಎರಡೇ ದಿನದಲ್ಲಿ ಅದು ಸತ್ತಿತು. ಫೋಟೋ ಹಾಕಿ ಊರವರ ದೃಷ್ಟಿ ತಾಗಿಸಿದೆ ಎಂದು ಅತ್ತೆ ಹೇಳುತ್ತಾರೆ. ಫ್ಲಾಶ್ ಬೆಳಕು ಎಳೆಯ ಮರಿಗಳಿಗೆ ಆಗಿಬರುವುದಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಇದಾಗಿ ಹತ್ತು ದಿನವಾಯಿತು. ಉಳಿದ ಮೂರು, ಎಂದರೆ ಎರಡು ಗಂಡು ಮತ್ತು ಒಂದು ಕಪ್ಪು ಹೆಣ್ಣುಮರಿ, ಚೆನ್ನಾಗಿವೆ. ಗಂಡುಮರಿಗಳನ್ನು ಕೇಳುವವರಿದ್ದಾರೆ. ಕಪ್ಪು ಮರಿಯ ಫೋಟೋ ಹೇಗೆ ತೆಗೆದರೂ ಮಸಿ ಚೆಲ್ಲಿದಂತೆ ಬರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಮನೆಯ ಮಾಲೀಕರು ಬೇಗ ಸಾಗಹಾಕಿ ಎನ್ನುತ್ತಿದ್ದಾರೆ. ಮತ್ತೆ ಫೋಟೋ ಹಾಕಬಹುದೇ? ಅಥವಾ ಯಾವುದಾದರೂ ಶೆಲ್ಟರಿಗೆ ಬಿಡುವುದು ಒಳ್ಳೆಯದೇ? ಅಂದಹಾಗೆ, ಆಟವಾಡುವಾಗ ಮರಿಯ ಹಲ್ಲು ತಾಗಿ ಏಳು ವರ್ಷದ ಮಗನ ಕೈಯಲ್ಲಿ ಸ್ವಲ್ಪ ರಕ್ತ ಬಂದಿತ್ತು. ಅದೀಗ ವಾಸಿಯಾಗಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ನೀವು ಪ್ರಶ್ನೆಯಾಗಿ ಕೇಳದೆ ಬಿಟ್ಟ ಆ ಸಂಗತಿಯೇ ಈ ಹೊತ್ತಿಗೆ ಎಲ್ಲಕ್ಕಿಂತ ಅವಸರದ್ದು. ಮಗನ ಕೈಯ ಗಾಯ ಮಾಯ್ದಿರಬಹುದು, ಆದರೆ ರೇಬೀಸ್ ವಿಷಯದಲ್ಲಿ ಗಾಯ ಮಾಯುವುದಕ್ಕೂ ಅಪಾಯ ಕಳೆಯುವುದಕ್ಕೂ ಸಂಬಂಧವಿಲ್ಲ. ಹಲ್ಲು ತಾಗಿಸಿದ್ದು ಈಗ ಬದುಕಿರುವ ಮರಿಯೋ, ಸತ್ತುಹೋದ ಮರಿಯೋ ಎಂಬುದು ಪತ್ರದಲ್ಲಿಲ್ಲ. ಕಚ್ಚಿದ ನಾಯಿಗೆ ರೇಬೀಸ್ ಇದೆಯೇ ಎಂದು ತಿಳಿಯಲು ಅದನ್ನು ಹತ್ತು ದಿನ ಗಮನಿಸಿ ನೋಡುತ್ತಾರೆ, ಸತ್ತ ಮರಿಯ ವಿಷಯದಲ್ಲಿ ಆ ಅವಕಾಶ ಈಗ ಉಳಿದಿಲ್ಲ. ತಾಯಿನಾಯಿಗೆ ಲಸಿಕೆಯಾಗಿತ್ತೇ ಎಂಬುದೂ ಯಾರಿಗೂ ಗೊತ್ತಿರಲಾರದು. ಇಷ್ಟು ಚಿಕ್ಕ ಮರಿಗೆ ಎಲ್ಲಿಯ ರೇಬೀಸ್ ಎಂಬ ಮಾತನ್ನು ನನ್ನ ಚಿಕಿತ್ಸಾಲಯದಲ್ಲಿ ಓದಿದವರ ಬಾಯಿಂದಲೂ ಕೇಳಿದ್ದೇನೆ, ಅದು ತಪ್ಪು. ಎರಡು ಮೂರು ತಿಂಗಳ ಮರಿಗಳಿಗೂ ರೇಬೀಸ್ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ಹರಡುತ್ತದೆ. ರಕ್ತ ಬಂದ ಗಾಯವನ್ನು ವೈದ್ಯರು ಮೂರನೆಯ, ಎಂದರೆ ಅತಿ ಗಂಭೀರ ವರ್ಗಕ್ಕೆ ಸೇರಿಸುತ್ತಾರೆ. ಅದಕ್ಕೆ ಲಸಿಕೆಯ ಜೊತೆಗೆ ಗಾಯದ ಜಾಗಕ್ಕೆ ಇಮ್ಯುನೊಗ್ಲಾಬ್ಯುಲಿನ್, ಎಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಎಷ್ಟು ದಿನ ಕಳೆದಿದ್ದರೂ ಸರಿ, ಇಂದೇ ಮಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮರಿ ಸತ್ತ ಸಂಗತಿಯನ್ನೂ ವೈದ್ಯರಿಗೆ ತಿಳಿಸಿ. ಇನ್ನು ಮುಂದೆ ಹಲ್ಲಾಗಲಿ ಉಗುರಾಗಲಿ ತಾಗಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ಆ ಮರಿಗೆ ರೇಬೀಸ್ ಇದ್ದಿರುವ ಸಾಧ್ಯತೆ ಕಡಿಮೆಯೇ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯೇ ಇಲ್ಲದ ಕಾಯಿಲೆಯಲ್ಲಿ ಕಡಿಮೆ ಸಾಧ್ಯತೆಯನ್ನು ನಂಬಿ ಕೂರುವುದಕ್ಕೆ ಬರುವುದಿಲ್ಲ.

ಇನ್ನು ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆಗೆ ಬರೋಣ: ಮರಿ ಸತ್ತದ್ದು ಫೋಟೋದಿಂದಲೇ? ಫ್ಲಾಶ್ ಬೆಳಕಿನಿಂದ ಮರಿ ಸಾಯುವುದಿಲ್ಲ, ಕುರುಡಾಗುವುದೂ ಇಲ್ಲ. ಮರಿಗಳು ಹುಟ್ಟಿದ 10ರಿಂದ 14 ದಿನಗಳಲ್ಲಿ ಕಣ್ಣು ಬಿಡುತ್ತವೆ. ಆಗಿನ್ನೂ ದೃಷ್ಟಿ ಮಸುಕಾಗಿರುವುದರಿಂದ ಹೊಳೆಯುವ ಬೆಳಕು ಅವಕ್ಕೆ ಕಿರಿಕಿರಿಯಾಗುತ್ತದೆ, ಬೆಚ್ಚಿಬೀಳುತ್ತವೆ, ಆಮೇಲೆ ಫೋನ್ ಕಂಡರೆ ಮುಖ ತಿರುಗಿಸುತ್ತವೆ. ಫ್ಲಾಶ್ ಬೇಡವೆನ್ನುವುದಕ್ಕೆ ಇಷ್ಟು ಕಾರಣ ಸಾಕು.

ಅತ್ತೆಯವರ ಮಾತನ್ನು ಮಾತ್ರ ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಫೋಟೋ ಹಾಕಿದ ವಾರದೊಳಗೆ ಮರಿಗಳು ಸಾಯುವುದನ್ನು ನಾನೂ ಎಷ್ಟೋ ಸಲ ಕಂಡಿದ್ದೇನೆ. ಹಿರಿಯರು ಗಮನಿಸಿದ್ದು ಸರಿಯಾಗಿಯೇ ಇದೆ, ಅದಕ್ಕೆ ಕೊಟ್ಟ ಕಾರಣವಷ್ಟೇ ಬೇರೆ. ಫೋಟೋ ನೋಡಿದವರ ಕಣ್ಣಿನಿಂದ ಏನೂ ಬರಲಿಲ್ಲ, ಫೋಟೋ ನೋಡಿ ಮನೆಗೆ ಬಂದವರ ಕೈಗಳಿಂದ, ಬಟ್ಟೆಯಿಂದ, ಚಪ್ಪಲಿಯಿಂದ ಬಂದಿರಬಹುದು. ರಕ್ತ ಬೆರೆತ ಭೇದಿ, ವಾಂತಿ, ಎರಡು ದಿನದಲ್ಲಿ ಸಾವು, ಅದೂ ಅತಿಥಿಗಳು ಬಂದುಹೋದ ಐದನೆಯ ದಿನಕ್ಕೆ ಲಕ್ಷಣ ಆರಂಭ, ಇವನ್ನೆಲ್ಲ ಒಟ್ಟಿಗೆ ಓದಿದಾಗ ಯಾವ ಪಶುವೈದ್ಯರಿಗೂ ಮೊದಲು ಹೊಳೆಯುವುದು ನಾಯಿಮರಿಗಳ ಕರುಳನ್ನು ಹಾಳುಮಾಡುವ ಪಾರ್ವೊ ವೈರಸ್. ಸೋಂಕು ಒಳಹೊಕ್ಕ ಮೂರರಿಂದ ಏಳು ದಿನಗಳಲ್ಲಿ ಲಕ್ಷಣ ಕಾಣಿಸುವುದು ಅದರ ವಾಡಿಕೆ. ಮಲದ ಪರೀಕ್ಷೆ ಆಗಿಲ್ಲವಾದ್ದರಿಂದ ಪತ್ರ ಓದಿ ಖಚಿತವಾಗಿ ಹೇಳಲಾರೆ. ಹೊಟ್ಟೆಯಲ್ಲಿ ಕೊಕ್ಕೆಹುಳು ಹೆಚ್ಚಾದರೂ ಇಂಥ ಮರಿಗಳಿಗೆ ರಕ್ತಭೇದಿಯಾಗುತ್ತದೆ. ಎರಡೂ ಸೇರಿದ್ದರೆ ಮರಿ ಉಳಿಯುವುದು ಇನ್ನೂ ಕಷ್ಟ.

ಎಲ್ಲಕ್ಕಿಂತ ಚುರುಕಾಗಿದ್ದ ಮರಿಯೇ ಏಕೆ ಹೋಯಿತು ಎಂಬ ಸಂಕಟಕ್ಕೂ ಉತ್ತರವಿದೆ. ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗಳಿಗೆ ರೋಗನಿರೋಧಕ ಅಂಶಗಳು ದೊರೆಯುತ್ತವೆ. ಯಾವ ಮರಿ ಎಷ್ಟು ಕುಡಿಯಿತು ಎಂಬುದರ ಮೇಲೆ ಆ ರಕ್ಷಣೆ ಒಂದಕ್ಕೆ ಆರು ವಾರ, ಇನ್ನೊಂದಕ್ಕೆ ಹತ್ತು ಹನ್ನೆರಡು ವಾರ ಉಳಿಯುತ್ತದೆ. ರಕ್ಷಣೆ ಗಟ್ಟಿಯಾಗಿರುವಷ್ಟು ದಿನ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ, ಇಳಿದ ಮೇಲೆ ಲಸಿಕೆ ಹಿಡಿಯುವ ತನಕ ಮರಿ ಬಯಲಿನಲ್ಲಿ ನಿಂತಂತೆ. ಒಂದೇ ಲಸಿಕೆ ಸಾಲದೆ, ಆರರಿಂದ ಎಂಟು ವಾರದ ನಡುವೆ ಆರಂಭಿಸಿ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕಾದದ್ದು ಈ ಕಾರಣಕ್ಕೆ. ಐದೂವರೆ ವಾರದಲ್ಲಿ ನಿಮ್ಮ ಮರಿಗಳಿಗೆ ಲಸಿಕೆಯ ಸಮಯವೇ ಬಂದಿರಲಿಲ್ಲ. ಆದ್ದರಿಂದ ಲಸಿಕೆ ಹಾಕಿಸಲಿಲ್ಲವೆಂಬ ಅಪರಾಧವನ್ನು ನೀವು ಹೊರಬೇಕಿಲ್ಲ. ಮೂರು ಮನೆಯವರು ಒಂದೇ ದಿನ ಎಲ್ಲ ಮರಿಗಳನ್ನು ಕೈಗೆತ್ತಿಕೊಳ್ಳಲು ಬಿಟ್ಟದ್ದು ಮಾತ್ರ ತಪ್ಪಾಯಿತು, ಅದನ್ನು ತಿದ್ದಿಕೊಳ್ಳಬಹುದು.

ಉಳಿದ ಮೂರರ ವಿಷಯದಲ್ಲಿ ಇನ್ನೂ ನಾಲ್ಕೈದು ದಿನ ಎಚ್ಚರವಿರಲಿ. ಸತ್ತ ಮರಿಯ ಜೊತೆಯಲ್ಲೇ ಇದ್ದವಾದ್ದರಿಂದ ಸಾವಿನ ದಿನದಿಂದ ಎಣಿಸಿ ಕನಿಷ್ಠ 14 ದಿನ ಯಾರೂ ಅವನ್ನು ಮುಟ್ಟುವುದು ಬೇಡ, ಯಾರ ಮನೆಗೂ ಕಳಿಸುವುದು ಬೇಡ. ಮರಿ ಮಂಕಾಗಿ ಹಾಲು ಬಿಟ್ಟರೆ ಭೇದಿಯಾಗುವ ತನಕ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮೊದಲ ದಿನವೇ ಡ್ರಿಪ್ ಹತ್ತಿಸಿದ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ, ಮನೆಯಲ್ಲೇ ಗ್ಲೂಕೋಸ್ ನೀರು ಕುಡಿಸುತ್ತಾ ಎರಡು ದಿನ ಕಳೆದವು ಉಳಿಯುವುದು ವಿರಳ. ನಿಮ್ಮ ಊರಿನಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವುದು ನಿಮ್ಮ ಪುಣ್ಯ, ತಾಲ್ಲೂಕಿನ ಓದುಗರಿಗೆ ಈ ಅನುಕೂಲವಿಲ್ಲ. ನೆಲ ತೊಳೆಯಲು ಫಿನಾಯಿಲ್ ಬಳಸುತ್ತಿದ್ದರೆ ಅದರಿಂದ ಪಾರ್ವೊ ಸಾಯುವುದಿಲ್ಲ, ಸ್ಯಾನಿಟೈಸರ್‌ನಿಂದಲೂ ಸಾಯುವುದಿಲ್ಲ. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆದು, ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣದ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಒದ್ದೆಯಾಗಿಯೇ ಇರಲು ಬಿಟ್ಟು, ಬಳಿಕ ನೀರಿನಿಂದ ತೊಳೆಯಿರಿ. ಆಗ ಮರಿಗಳು ಬೇರೆ ಕೋಣೆಯಲ್ಲಿರಲಿ. ಅವು ಮಲಗುತ್ತಿದ್ದ ಗೋಣಿಚೀಲವನ್ನು ಸುಟ್ಟುಬಿಡಿ. ಈ ವೈರಸ್ ತಿಂಗಳುಗಟ್ಟಲೆ, ನೆರಳು ಮತ್ತು ತೇವವಿದ್ದರೆ ವರ್ಷದವರೆಗೂ ಜೀವಂತವಿರುತ್ತದೆ. ಹಾಗಾಗಿ ಮುಂದಿನ ಒಂದು ವರ್ಷ ಲಸಿಕೆಯಾಗದ ಬೇರೆ ಮರಿಗಳನ್ನು ಈ ಮನೆಗೆ ತರಬೇಡಿ, ಎಷ್ಟೇ ಕರುಳು ಚುರುಕ್ ಎಂದರೂ.

ಹಸುವಿನ ಹಾಲಿನ ಬಗ್ಗೆ ಒಂದೇ ಮಾತು. ನಾಯಿಯ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು, ಹಾಲಿನ ಸಕ್ಕರೆ ಮಾತ್ರ ಕಡಿಮೆ. ಹಸುವಿನ ಹಾಲಿನಿಂದ ಮರಿಯ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ಹಿಡಿಯುವುದಿಲ್ಲ, ಭೇದಿಯೂ ಆಗುತ್ತದೆ. ಈಗ ಎಂಟು ವಾರದ ಹೊತ್ತಿಗೆ ಅವಕ್ಕೆ ಹಾಲಿನ ಅಗತ್ಯವೇ ಇಲ್ಲ. ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸವನ್ನು ಅನ್ನದೊಡನೆ ನುರಿದು, ಇಲ್ಲವೇ ಮರಿಗಳ ಸಿದ್ಧ ಆಹಾರವನ್ನು ನೆನೆಸಿ, ದಿನಕ್ಕೆ ನಾಲ್ಕು ಸಲ ಕೊಡಿ. ಜಂತುಹುಳುವಿನ ಔಷಧವನ್ನು ನೀವು ಎಲ್ಲೂ ಪ್ರಸ್ತಾಪಿಸಿಲ್ಲ. ಬೀದಿಯ ತಾಯಿಗೆ ಹುಟ್ಟಿದ ಮರಿಗಳ ಹೊಟ್ಟೆಗೆ ದುಂಡುಹುಳು ಹುಟ್ಟುವ ಮೊದಲೇ ಸೇರಿರುತ್ತದೆ, ಕೊಕ್ಕೆಹುಳು ತಾಯಿಯ ಹಾಲಿನೊಂದಿಗೆ ಸೇರುತ್ತದೆ. ಎರಡನೆಯ ವಾರದಿಂದಲೇ ಹದಿನೈದು ದಿನಕ್ಕೊಮ್ಮೆ ಕೊಡಬೇಕಾದ ಔಷಧವದು. ಮರಿಯನ್ನು ತೂಗಿಸಿ ವೈದ್ಯರಿಂದಲೇ ಪ್ರಮಾಣ ಬರೆಸಿಕೊಳ್ಳಿ.

ಈಗ ಫೋಟೋ. ಖಂಡಿತವಾಗಿ ಹಾಕಿ, ಆದರೆ ಮರಿಗಳಿಗೆ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ. ವೃತ್ತಿಯ ಆರಂಭದ ದಿನಗಳಲ್ಲಿ ನಾನೊಮ್ಮೆ ಐದು ಮರಿಗಳನ್ನು ಹೂವಿನ ಬುಟ್ಟಿಯಲ್ಲಿ ಕೂರಿಸಿ, ಕೊರಳಿಗೆ ರಿಬ್ಬನ್ ಕಟ್ಟಿ ಫೋಟೋ ತೆಗೆದು ಹಂಚಿದ್ದೆ. ದಿನವಿಡೀ ಕರೆಗಳು ಬಂದು ಒಂದೇ ಸಂಜೆಯಲ್ಲಿ ಐದೂ ಹೋದವು. ಎರಡು ತಿಂಗಳಲ್ಲಿ ಮೂರು ಹಿಂದಿರುಗಿ ಬಂದವು. ಒಂದು ಮನೆಯವರು "ಇಷ್ಟು ದೊಡ್ಡದಾಗುತ್ತದೆ ಎಂದು ಗೊತ್ತಿರಲಿಲ್ಲ" ಎಂದರು. ತಪ್ಪು ಅವರದಾಗಿರಲಿಲ್ಲ: ಬುಟ್ಟಿಯಲ್ಲಿದ್ದದ್ದನ್ನು ಅವರು ಆಟದ ಸಾಮಾನೆಂದೇ ಒಯ್ದಿದ್ದರು. ಅಂದಿನಿಂದ, ಮರಿ ಹೇಗಿದೆಯೋ ಹಾಗೆಯೇ ತೋರಿಸದ ಫೋಟೋವನ್ನು ನಾನು ಹಂಚುವುದಿಲ್ಲ.

ಕಪ್ಪು ಮರಿ ಮಸಿಯಂತೆ ಬರುವುದು ಮರಿಯ ದೋಷವಲ್ಲ, ಫೋನಿನ ಲೆಕ್ಕಾಚಾರ. ಚೌಕಟ್ಟಿನೊಳಗಿನ ಬೆಳಕನ್ನೆಲ್ಲ ಸರಾಸರಿ ಮಾಡಿ ಕ್ಯಾಮೆರಾ ಚಿತ್ರದ ಹೊಳಪನ್ನು ನಿರ್ಧರಿಸುತ್ತದೆ. ನೀವು ಬಹುಶಃ ಅದನ್ನು ಬಿಳಿ ಟೈಲ್ಸ್ ಮೇಲೋ ಬಿಳಿ ಗೋಡೆಯ ಮುಂದೋ ಕೂರಿಸಿರುತ್ತೀರಿ. ಬಿಳುಪು ಹೆಚ್ಚಾದಾಗ ಫೋನು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ಮೊದಲೇ ಕಪ್ಪಾಗಿರುವ ಮರಿಯ ಕಣ್ಣು, ಮೂಗು, ರೋಮದ ಏರಿಳಿತ ಎಲ್ಲವೂ ಅದರಲ್ಲಿ ಮುಳುಗುತ್ತವೆ. ಮಧ್ಯಮ ಬಣ್ಣದ ಹಿನ್ನೆಲೆ ಹುಡುಕಿ: ಕೆಂಪು ಗಾರೆಯ ನೆಲ, ಹಸಿರು ಹುಲ್ಲು, ಬಣ್ಣ ಮಾಸಿದ ಹಳದಿ ಸೀರೆ. ಫೋನಿನ ಪರದೆಯ ಮೇಲೆ ಮರಿಯ ಮುಖವನ್ನು ಒತ್ತಿ ಹಿಡಿದರೆ ಸೂರ್ಯನ ಚಿಹ್ನೆಯೊಂದು ಮೂಡುತ್ತದೆ, ಅದನ್ನು ಮೇಲಕ್ಕೆ ಸರಿಸಿದಂತೆ ಮುಖದ ವಿವರಗಳು ಕಾಣತೊಡಗುತ್ತವೆ. ಹಿನ್ನೆಲೆ ತುಸು ಬೆಳ್ಳಗಾದರೆ ಆಗಲಿ. ಮರಿಯ ಮುಖ ಬಾಗಿಲು ಅಥವಾ ಕಿಟಕಿಯ ಕಡೆಗಿರಬೇಕು, ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರಬೇಕು. ಹಾಗಾದಾಗ ಕಣ್ಣಿನಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆ ಮೂಡುತ್ತದೆ. ಕಪ್ಪು ಮರಿಯ ಮುಖಕ್ಕೆ ಜೀವ ಬರುವುದು ಆ ಚುಕ್ಕೆಯಿಂದಲೇ. ಮಳೆಗಾಲದಲ್ಲಿ ಫೋಟೋ ಹೇಗೆ ಎಂದು ಕೊರಗಬೇಡಿ. ಮೋಡ ಮುಸುಕಿದ ಮಲೆನಾಡಿನ ಬೆಳಗು ಕಪ್ಪು ರೋಮಕ್ಕೆ ಹೇಳಿ ಮಾಡಿಸಿದ ಬೆಳಕು, ಅಲ್ಲಿ ಸುಡುಬಿಸಿಲಿನ ಹೊಳಪೂ ಇಲ್ಲ, ಕಡುನೆರಳೂ ಇಲ್ಲ.

ಎಂಟು ವಾರದ ಮರಿ ದಿನದ ಮುಕ್ಕಾಲು ಪಾಲು ನಿದ್ದೆ ಮಾಡುತ್ತದೆ. ನಿದ್ದೆಯಿಂದೆದ್ದು, ಹೊರಗೆ ಹೋಗಿಬಂದು, ಸ್ವಲ್ಪ ಆಡಿ ದಣಿದ ಮೇಲೆ ಸಿಗುವ ಐದು ನಿಮಿಷ ಮಾತ್ರ ಅದು ಕುಳಿತು ನಿಮ್ಮನ್ನು ನೋಡುವ ಹೊತ್ತು. ನೀವು ನೆಲದ ಮೇಲೆ ಮಲಗಿ, ಫೋನನ್ನು ತಲೆಕೆಳಗಾಗಿ ಹಿಡಿಯಿರಿ, ಆಗ ಕ್ಯಾಮೆರಾ ನೆಲಕ್ಕೆ ಹತ್ತಿರವಾಗಿ ಮರಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬಿಸ್ಕತ್ತಿನ ಪೊಟ್ಟಣ ಚರಪರ ಎನಿಸಿದರೆ ಕಿವಿ ನಿಮಿರಿಸಿ ನೋಡುತ್ತದೆ. ಈ ಉಪಾಯ ಮೂರು ನಾಲ್ಕು ಸಲ ಮಾತ್ರ ನಡೆಯುತ್ತದೆ, ಹಾಗಾಗಿ ಸುಮ್ಮನೆ ಖರ್ಚು ಮಾಡಬೇಡಿ. ಬಾಲ ಕಾಲಸಂದಿಗೆ ಸೇರಿದ್ದರೆ, ಪದೇ ಪದೇ ಆಕಳಿಸುತ್ತಿದ್ದರೆ ಅಥವಾ ಮೂತಿ ನೆಕ್ಕಿಕೊಳ್ಳುತ್ತಿದ್ದರೆ ಅದಕ್ಕೆ ಹೆದರಿಕೆಯಾಗಿದೆ ಎಂದರ್ಥ, ಅಂದು ಅಲ್ಲಿಗೇ ಬಿಡಿ. ಮುಖದ ಒಂದು ಚಿತ್ರ, ನಿಂತಾಗ ಪಕ್ಕದಿಂದ ಒಂದು, ನಿಮ್ಮ ಕೈ ಅಥವಾ ನೀರಿನ ಚೊಂಬಿನ ಪಕ್ಕದಲ್ಲಿ ಗಾತ್ರ ತಿಳಿಯುವಂತೆ ಒಂದು, ಮತ್ತು ಆಡುತ್ತಿರುವ 20 ಸೆಕೆಂಡಿನ ವಿಡಿಯೊ ಇಷ್ಟು ಸಾಕು. ಮುಂಗಾಲು ಹಿಡಿದು ಎತ್ತಿ ತೂಗಿಸಿದ ಫೋಟೋ ಬೇಡ. ಕಜ್ಜಿಯೋ ಗಾಯದ ಕಲೆಯೋ ಇದ್ದರೆ ಅದನ್ನೂ ತೋರಿಸಿ. ಗೇಟು, ಮನೆ ನಂಬರು, ಬೀದಿಯ ಫಲಕ ಚಿತ್ರದಲ್ಲಿ ಕಾಣಬಾರದು. ಕಂಡರೆ ಮುಂದಿನ ವಾರ ನಿಮ್ಮ ಗೇಟಿನ ಮುಂದೆ ಇನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳು ಇರುತ್ತವೆ, ಇದು ಅನುಭವದ ಮಾತು. ಚಿತ್ರದ ಮೂಲೆಯಲ್ಲಿ ದಿನಾಂಕ ಬರೆಯಿರಿ, ಏಕೆಂದರೆ ವಾಟ್ಸ್ಆ್ಯಪ್‌ನಲ್ಲಿ ಮರಿಗಳಿಗೆ ವಯಸ್ಸಾಗುವುದೇ ಇಲ್ಲ. ಎಂದೋ ಮನೆ ಸಿಕ್ಕಿದ ಮರಿಗಾಗಿ ವರ್ಷ ಕಳೆದ ಮೇಲೂ ಕರೆಗಳು ಬರುತ್ತಿರುತ್ತವೆ.

ಫೋಟೋದ ಜೊತೆಗಿನ ಬರಹದಲ್ಲಿ "ದಯವಿಟ್ಟು ಕಾಪಾಡಿ, ಇಲ್ಲದಿದ್ದರೆ ಬೀದಿಪಾಲು" ಎಂದು ಬರೆದರೆ ಕನಿಕರಪಟ್ಟವರು ಬರುತ್ತಾರೆ, ಕನಿಕರ ಮೂರನೆಯ ಸಲ ಚಪ್ಪಲಿ ಕಚ್ಚಿದಾಗ ಮುಗಿದುಹೋಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಾಟಿ ತಳಿಯ ಕಪ್ಪು ಹೆಣ್ಣುಮರಿ, ಅಂದಾಜು ಒಂಬತ್ತು ವಾರ. ಮೊದಲ ಲಸಿಕೆ, ಜಂತುಹುಳುವಿನ ಔಷಧ ಆಗಿದೆ. ಮಕ್ಕಳೊಂದಿಗೆ ಬೆಳೆದಿದೆ, ಕುಕ್ಕರ್ ಸೀಟಿಗೆ ಹೆದರುವುದಿಲ್ಲ. ಒಂಟಿಯಾಗಿ ಬಿಟ್ಟರೆ ಅಳುತ್ತದೆ. ಬೆಳೆದಾಗ ಸುಮಾರು 15 ಕಿಲೊ ಆಗಬಹುದು. ಆರು ತಿಂಗಳ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಒಪ್ಪುವವರಿಗೆ ಮಾತ್ರ." ಕೊನೆಯ ಸಾಲಿನಿಂದ ಕರೆಗಳು ಕಡಿಮೆಯಾಗುತ್ತವೆ, ಆಗಲಿ. ಹೆಣ್ಣುಮರಿ ಬೇಡವೆನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಮರಿ ಹಾಕುತ್ತದೆಂಬ ಒಂದೇ ಭಯ. ಒಂದು ಶಸ್ತ್ರಚಿಕಿತ್ಸೆಯಿಂದ ಅದು ತೀರುತ್ತದೆ ಎಂದು ತಿಳಿದ ಮೇಲೆ ಮನಸ್ಸು ಬದಲಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಬಂದವರನ್ನು ಒಂದು ದಿನಕ್ಕೆ ಒಂದೇ ಕುಟುಂಬದಂತೆ ಕರೆಯಿರಿ. ಅವರ ಮನೆಯಲ್ಲಿ ಇತ್ತೀಚೆಗೆ ನಾಯಿ ಕಾಯಿಲೆಯಾಗಿ ಸತ್ತಿತ್ತೇ ಎಂದು ಫೋನಿನಲ್ಲೇ ಕೇಳಿ, ಚಪ್ಪಲಿ ಕೆಳಗೆ ಬಿಡಿಸಿ, ಕೈ ಸೋಪಿನಲ್ಲಿ ತೊಳೆಸಿ. ಬಾಡಿಗೆ ಮನೆಯವರಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ನೋಡಿ. ನೀವೇ ಬಾಡಿಗೆಯಲ್ಲಿದ್ದೀರಿ, ಈ ಕಷ್ಟ ನಿಮಗೆ ಗೊತ್ತು.

ಶೆಲ್ಟರ್ ವಿಷಯ. ಒಳ್ಳೆಯ ಶೆಲ್ಟರ್‌ಗಳಿವೆ, ಅವುಗಳ ಕೆಲಸಕ್ಕೆ ನನಗೆ ಗೌರವವಿದೆ. ಆದರೆ ಎಂಟು ವಾರದ ಮರಿಗೆ ಅದು ಕೊನೆಯ ಆಯ್ಕೆಯಾಗಿರಬೇಕು. ಎಲ್ಲೆಲ್ಲಿಂದಲೋ ಬಂದ ನಾಯಿಗಳು ಸೇರುವ ಜಾಗದಲ್ಲಿ ಪಾರ್ವೊ ಮತ್ತು ನಾಯಿಗಳ ಇನ್ನೊಂದು ಮಾರಕ ವೈರಸ್ ರೋಗವಾದ ಡಿಸ್ಟೆಂಪರ್ ಇಲ್ಲದಂತೆ ನೋಡಿಕೊಳ್ಳುವುದು ಎಷ್ಟು ಶ್ರದ್ಧೆಯಿದ್ದರೂ ಕಷ್ಟ. ಜೊತೆಗೆ ಮೂರರಿಂದ ಹನ್ನೆರಡು ವಾರದವರೆಗಿನ ಅವಧಿಯಲ್ಲಿ ಮರಿ ಕಂಡದ್ದು ಕೇಳಿದ್ದೆಲ್ಲ ಅದರ ಜೀವನಪರ್ಯಂತದ ಸ್ವಭಾವಕ್ಕೆ ಬುನಾದಿ. ಮಿಕ್ಸಿಯ ಸದ್ದು, ಮಕ್ಕಳ ಓಟ, ಮಳೆಕೋಟು ಹಾಕಿದ ಮನುಷ್ಯ, ಇವನ್ನೆಲ್ಲ ಅದು ಮನೆಯಲ್ಲಿ ಕಲಿಯುವಷ್ಟು ಬೋನಿನಲ್ಲಿ ಕಲಿಯಲಾರದು. ಬೀದಿಗೇ ಮರಳಿ ಬಿಡುವುದನ್ನು ಕೆಲವರು ಸೂಚಿಸಿರಬಹುದು. ಬೆಳೆದ, ಲಸಿಕೆಯಾದ ನಾಯಿಗೆ ತನ್ನ ಬೀದಿಯೇ ಮನೆ, ತಾಯಿಯಿಲ್ಲದ ಮರಿಗೆ ಹಾಗಲ್ಲ. ಪಶ್ಚಿಮ ಬಂಗಾಳದ ಬೀದಿನಾಯಿಗಳ ಕುರಿತು ಕೋಲ್ಕತ್ತದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನಿಸಿದ 364 ಮರಿಗಳ ಪೈಕಿ ಪ್ರಾಯಕ್ಕೆ ಬರುವವರೆಗೆ ಬದುಕಿದ್ದು ಶೇ. 19ರಷ್ಟು ಮಾತ್ರ. ಅದೂ ತಾಯಿ ಇದ್ದ ಮರಿಗಳೂ ಸೇರಿದ ಲೆಕ್ಕ. ನೀರು ಆಹಾರ ಸಿಗದಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು, ಮರಿ ಒಯ್ಯುವವರಿಗೂ ಇದನ್ನು ತಿಳಿಸಿ.

ನಿಮಗೆ ಒಪ್ಪುವ ದಾರಿ ಎಂದು ನನಗೆ ಅನಿಸುವುದು ಇದು. ಮಾಲೀಕರ ಬಳಿ "ಬೇಗ" ಎಂಬುದರ ಬದಲು ಒಂದು ದಿನಾಂಕವನ್ನೇ ಹೇಳಿ, ಐದು ವಾರ ಕೇಳಿಕೊಳ್ಳಿ. ಜನರಿಗೆ ಕೊನೆಯಿಲ್ಲದ ತೊಂದರೆಯನ್ನು ಸಹಿಸುವುದು ಕಷ್ಟ, ಕೊನೆಯ ದಿನ ಗೊತ್ತಿರುವ ತೊಂದರೆಯನ್ನು ಹೆಚ್ಚಿನವರು ಸಹಿಸುತ್ತಾರೆ. ಗಂಡುಮರಿಗಳು 14 ದಿನದ ಕಾವಲು ಮುಗಿದು ಲಸಿಕೆಯಾಗಿ ಒಂದು ವಾರ ಕಳೆದ ಬಳಿಕ, ಬೇರೆ ಬೇರೆ ಮನೆಗಳಿಗೆ ಹೋಗಲಿ. ಹೋಗುವ ಮನೆಯಲ್ಲಿ ಲಸಿಕೆಯಾಗದ ನಾಯಿ ಇರಬಾರದು, ನಿಮ್ಮಲ್ಲಿ ಒಂದು ಮರಿ ಸತ್ತ ಸಂಗತಿಯನ್ನು ಮುಚ್ಚಿಡಬಾರದು. ಕಪ್ಪು ಮರಿ ಒಂಟಿಯಾದ ಮೇಲೆ ಅದರ ಹೊಸ ಫೋಟೋಗಳನ್ನು ತೆಗೆಯಿರಿ. ಜೊತೆಗಾರರ ಗದ್ದಲವಿಲ್ಲದಾಗ ಅದು ಮನುಷ್ಯರನ್ನು ಹೆಚ್ಚು ನೋಡತೊಡಗುತ್ತದೆ, ಆ ನೋಟ ಚಿತ್ರದಲ್ಲಿಯೂ ಬರುತ್ತದೆ. ಮೂರು ತಿಂಗಳು ತುಂಬುವ ಹೊತ್ತಿಗೂ ಮನೆ ಸಿಗದಿದ್ದರೆ ಅದಕ್ಕಾಗಿ ಕಾಯದೆ ರೇಬೀಸ್ ಲಸಿಕೆಯನ್ನು ನೀವೇ ಹಾಕಿಸಿ. ಲಸಿಕೆ ಪುಸ್ತಕದಲ್ಲಿ ಮಾಲೀಕರ ಹೆಸರು ಕೇಳುವ ಸಾಲಿನಲ್ಲಿ ನಿಮ್ಮ ಹೆಸರನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆಯಿರಿ.